ಸಿಎಸ್‌ವಿಯಿಂದ ವರ್ಡ್ ಕಡತಕ್ಕೆ: ಡಿಕ್ಟ್‌ರೀಡರ್ ಸಾಕೇ, ಪಾಂಡಾಸ್ ಬೇಕೇ?

ಸಿಎಸ್‌ವಿಯ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಕೋಷ್ಟಕ ಕಡತದ) ಒಂದೊಂದು ಸಾಲಿನಿಂದ ಒಂದೊಂದು ಪ್ರಮಾಣಪತ್ರ ತಯಾರಿಸುವುದಷ್ಟೇ ಕೆಲಸವಾದರೆ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯೊಂದಿಗೇ ಬರುವ, ಸಿಎಸ್‌ವಿ ಓದುವ ಸಾಧನವಾದ ಡಿಕ್ಟ್‌ರೀಡರ್ ಸಾಕು. ಅದು ಪ್ರತಿ ಮೌಲ್ಯವನ್ನೂ ಪಠ್ಯವಾಗಿಯೇ ಕೊಡುತ್ತದೆ. ಪೈಥಾನ್-ಡಾಕ್ಸ್ ಎಂಬ ಲೈಬ್ರರಿ ಆ ಪಠ್ಯವನ್ನು ವರ್ಡ್ ಕಡತಕ್ಕೆ ಬರೆಯುತ್ತದೆ.

ದತ್ತಾಂಶ ವಿಶ್ಲೇಷಣೆಯ ಲೈಬ್ರರಿಯಾದ ಪಾಂಡಾಸ್, ಮೌಲ್ಯ ಸಂಖ್ಯೆಯೋ ಪಠ್ಯವೋ ಎಂದು ತಾನೇ ಊಹಿಸಲು ಹೊರಡುತ್ತದೆ. ನೋಂದಣಿ ಸಂಖ್ಯೆ 0427 ಎಂದಿದ್ದರೆ 427 ಆಗುತ್ತದೆ, ಖಾಲಿ ಕೋಶ ‘ನ್ಯಾನ್’ (NaN, ಮೌಲ್ಯವಿಲ್ಲ ಎಂಬ ಗುರುತು) ಆಗುತ್ತದೆ. ಮುದ್ರಿಸಿ ಹಂಚಿದ ಮೇಲೆ ಇದು ಕಣ್ಣಿಗೆ ಬಿದ್ದರೆ ಎದೆ ಧಸಕ್ಕೆನ್ನುತ್ತದೆ! ಆದ್ದರಿಂದ ಓದುವಾಗಲೇ ಎಲ್ಲ ಕಾಲಂಗಳನ್ನೂ ಪಠ್ಯವೆಂದು ಘೋಷಿಸಿ, ಖಾಲಿ ಕೋಶಗಳನ್ನು ಖಾಲಿಯಾಗಿಯೇ ಉಳಿಸಲು ಹೇಳಿ.

ಡಿಕ್ಟ್‌ರೀಡರ್‌ಗೂ ಒಂದು ತೊಡಕಿದೆ. ಎಕ್ಸೆಲ್‌ನಲ್ಲಿ ಯುಟಿಎಫ್-8 (ಅಕ್ಷರಗಳನ್ನು ಸಂಕೇತವಾಗಿಸುವ ಒಂದು ವಿಧಾನ, ಅಂದರೆ ಎನ್‌ಕೋಡಿಂಗ್) ಸಿಎಸ್‌ವಿಯಾಗಿ ಉಳಿಸಿದ ಕಡತದ ಆರಂಭದಲ್ಲಿ ಕಾಣದ ಗುರುತೊಂದು ಇರುತ್ತದೆ. ಅದು ಮೊದಲ ಶೀರ್ಷಿಕೆಗೆ ಅಂಟಿಕೊಂಡು ‘ಹೆಸರು’ ಕಾಲಂ ಸಿಗದಂತಾಗುತ್ತದೆ. ಕಡತ ತೆರೆಯುವಾಗ ‘ಯುಟಿಎಫ್-8-ಸಿಗ್’ (utf-8-sig) ಎನ್‌ಕೋಡಿಂಗ್ ಕೊಟ್ಟರೆ ಸರಿಹೋಗುತ್ತದೆ.

ಎರಡು ಕಡತಗಳನ್ನು ಬೆಸೆಯಬೇಕೇ, ಗುಂಪುವಾರು ಮೊತ್ತ ಬೇಕೇ? ಆಗ ಹಿಂಜರಿಯದೆ ಪಾಂಡಾಸ್ ಬಳಸಿ.