ಏನೂ ಇಲ್ಲದ ಜಾಗಕ್ಕೆ ಹೊರಡುವ ಭಾನುವಾರ: ಹಾಸನದ ಸುತ್ತ ಒಂದು ವರ್ಷದ ಜಿಯೋಹ್ಯಾಶಿಂಗ್

ಮನೆಗೆ ನೆಂಟರು ಬಂದಾಗಲೆಲ್ಲ ಬೇಲೂರು, ಹಳೇಬೀಡು, ಗೊರೂರು ಅಣೆಕಟ್ಟು, ಶೆಟ್ಟಿಹಳ್ಳಿಯ ಪಾಳು ಚರ್ಚು ಎಂದು ಒಂದೇ ಸುತ್ತನ್ನು ಹತ್ತಾರು ಸಲ ಹಾಕಿರುವ ಹಾಸನದ ಕುಟುಂಬಗಳಿಗೆ, ರಜೆಯ ದಿನ ಎಲ್ಲಿಗೆ ಹೋಗುವುದೆಂಬ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಕಳೆದ ಒಂದು ವರ್ಷದಿಂದ ನಮ್ಮ ಮನೆಯಲ್ಲಿ ಆ ಪ್ರಶ್ನೆಯನ್ನು ಜಿಯೋಹ್ಯಾಶಿಂಗ್ ಎಂಬ ಉಚಿತ ಸೇವೆಗೆ ಒಪ್ಪಿಸಿದ್ದೇವೆ; ಲೆಕ್ಕದಿಂದ ಬಂದ ಬಿಂದುವೊಂದನ್ನು ನಕ್ಷೆಯಲ್ಲಿ ನೋಡಿಕೊಂಡು ಅಲ್ಲಿಗೆ ಹೋಗಿ ಮುಟ್ಟುವ ಆಟ ಇದು. ಇದನ್ನು ಸೇವೆ ಎಂದು ಕರೆಯಲು ತುಸು ಹಿಂಜರಿಕೆಯಾಗುತ್ತದೆ, ಏಕೆಂದರೆ ಇದನ್ನು ನಡೆಸುವ ಕಂಪನಿ ಯಾವುದೂ ಇಲ್ಲ. ಒಂದು ಲೆಕ್ಕದ ಸೂತ್ರ, ಆ ಲೆಕ್ಕವನ್ನು ಮಾಡಿ ನಕ್ಷೆಯ ಮೇಲೆ ಗುರುತು ಹಾಕಿ ತೋರಿಸುವ ಜಾಲತಾಣಗಳು, ಜಿಯೋಹ್ಯಾಶ್ ಡ್ರಾಯ್ಡ್‌ನಂತಹ ಆ್ಯಪ್, ಇಷ್ಟರಲ್ಲೇ ಎಲ್ಲವೂ ಮುಗಿಯಿತು.

ಸೂತ್ರವನ್ನು ಹೊಸೆದವರು ಅಮೆರಿಕದ ವ್ಯಂಗ್ಯಚಿತ್ರಕಾರ ರ‍್ಯಾಂಡಲ್ ಮನ್ರೋ. 2008ರ ಮೇ 21ರಂದು ಎಕ್ಸ್‌ಕೆಸಿಡಿ ಎಂಬ ತಮ್ಮ ಚಿತ್ರಮಾಲೆಯ 426ನೇ ಕಂತಿನಲ್ಲಿ ಅವರು ಇದನ್ನು ಬರೆದು ತೋರಿಸಿದರು. ಆಯಾ ದಿನದ ದಿನಾಂಕವನ್ನೂ ನ್ಯೂಯಾರ್ಕಿನ ಡೋ ಜೋನ್ಸ್ ಷೇರು ಸೂಚ್ಯಂಕದ ಆರಂಭದ ಅಂಕಿಯನ್ನೂ ಜೋಡಿಸಿ ಎಂಡಿ5 ಎಂಬ ಗಣಿತಕ್ರಿಯೆಗೆ ಹಾಕಿದರೆ 32 ಅಕ್ಷರ-ಅಂಕಿಗಳ ಒಂದು ಸರಣಿ ಬರುತ್ತದೆ. ಅದನ್ನು ಎರಡಾಗಿ ಸೀಳಿ, ಎರಡನ್ನೂ ದಶಮಾಂಶಕ್ಕೆ ತಿರುಗಿಸಿ, ಮೊದಲನೆಯದನ್ನು ನಾವಿರುವ ಊರಿನ ಅಕ್ಷಾಂಶದ ಪೂರ್ಣಾಂಕಕ್ಕೂ ಎರಡನೆಯದನ್ನು ರೇಖಾಂಶದ ಪೂರ್ಣಾಂಕಕ್ಕೂ ಹಚ್ಚಿದರೆ, ಒಂದು ಡಿಗ್ರಿ ಉದ್ದ ಒಂದು ಡಿಗ್ರಿ ಅಗಲದ ಪ್ರತಿಯೊಂದು ಚೌಕದಲ್ಲೂ ದಿನಕ್ಕೊಂದು ಬಿಂದು ಸಿಗುತ್ತದೆ. ಷೇರುಪೇಟೆ ಎಷ್ಟಕ್ಕೆ ತೆರೆಯುತ್ತದೆ ಎಂಬುದು ಮೊದಲೇ ಯಾರಿಗೂ ತಿಳಿಯದ ಕಾರಣ ಬಿಂದು ಎಲ್ಲಿ ಬೀಳುತ್ತದೆ ಎಂಬುದೂ ತಿಳಿಯುವುದಿಲ್ಲ. ಎಲ್ಲಿಗೆ ಹೋಗೋಣ ಎಂದು ಮನೆಯಲ್ಲಿ ನಡೆಯುತ್ತಿದ್ದ ಜಗಳ ಇದರಿಂದಲೇ ನಿಂತಿತು.

ಪಶ್ಚಿಮ 30 ಡಿಗ್ರಿ ರೇಖಾಂಶಕ್ಕಿಂತ ಪೂರ್ವದಲ್ಲಿರುವ ದೇಶಗಳಿಗೆ ಹಿಂದಿನ ದಿನದ ಅಂಕಿಯನ್ನೇ ಬಳಸಬೇಕೆಂಬ ನಿಯಮವನ್ನು ಆಮೇಲೆ ಸೇರಿಸಿದ್ದಾರೆ. ನಮ್ಮಂಥವರಿಗೆ ಇದೇ ದೊಡ್ಡ ಅನುಕೂಲ. ನ್ಯೂಯಾರ್ಕಿನ ಪೇಟೆ ತೆರೆಯುವಾಗ ನಮ್ಮಲ್ಲಿ ಸಂಜೆ 7 ಗಂಟೆ, ಅಲ್ಲಿ ಚಳಿಗಾಲವಾದರೆ 8 ಗಂಟೆ. ಶುಕ್ರವಾರ ಆ ಒಂದು ಅಂಕಿ ಕೈಗೆ ಬಂದರೆ ಶನಿವಾರ, ಭಾನುವಾರ, ಸೋಮವಾರ ಮೂರೂ ದಿನಗಳ ಬಿಂದುಗಳು ಒಟ್ಟಿಗೇ ತಿಳಿದುಬಿಡುತ್ತವೆ. ಷೇರಿನಲ್ಲಿ ಜೀವಮಾನದಲ್ಲಿ ಒಂದು ರೂಪಾಯಿಯನ್ನೂ ಹಾಕದ ನಮ್ಮ ತಾಯಿ ಈಗ ಶುಕ್ರವಾರ ದೀಪ ಹಚ್ಚಿದ ಮೇಲೆ “ಮಾರ್ಕೆಟ್ಟು ತೆರೀತೇನೋ?” ಎಂದು ಕೇಳುತ್ತಾರೆ, ಏಕೆಂದರೆ ಬುತ್ತಿಗೆ ಚಿತ್ರಾನ್ನವೋ ಅಕ್ಕಿರೊಟ್ಟಿಯೋ ಎಂಬುದು ದೂರದ ಮೇಲೆ ನಿಂತಿರುತ್ತದೆ.

ಹಾಸನಕ್ಕೆ ಈ ಆಟದಲ್ಲಿ ಒಂದು ವಿಶೇಷ ಭಾಗ್ಯವಿದೆ. ಉತ್ತರ 13 ಡಿಗ್ರಿಯ ಗೆರೆ ಊರಿಗೆ ತಾಗಿಕೊಂಡೇ ಹೋಗುತ್ತದೆ, ಪೂರ್ವ 76 ಡಿಗ್ರಿಯ ಗೆರೆ ಆಲೂರಿನ ಕಡೆಗೆ ಸುಮಾರು 10 ಕಿಲೋಮೀಟರ್ ದೂರದಲ್ಲಿದೆ. ಹೀಗಾಗಿ ನಾವಿರುವುದು ನಾಲ್ಕು ಚೌಕಗಳು ಕೂಡುವ ಮೂಲೆಯಲ್ಲಿ. ಅರಸೀಕೆರೆಯ ಕಡೆಯದೊಂದು, ಹೊಳೆನರಸೀಪುರದ ಕಡೆಯದೊಂದು, ಬೇಲೂರಿನ ಕಡೆಯದೊಂದು, ಸಕಲೇಶಪುರದ ಕಡೆಯದೊಂದು ಎಂದು ದಿನಕ್ಕೆ ನಾಲ್ಕು ಬಿಂದುಗಳು ಎದುರಿಗಿರುತ್ತವೆ. ಆದರೂ ಆಸೆಗೆ ಮಿತಿಯಿರಬೇಕು. ಒಂದು ಚೌಕವೆಂದರೆ ಸುಮಾರು 12,000 ಚದರ ಕಿಲೋಮೀಟರ್. ಲೆಕ್ಕ ಹಾಕಿದರೆ ಮನೆಯಿಂದ 10 ಕಿಲೋಮೀಟರ್ ಒಳಗೆ ಬಿಂದು ಬೀಳುವುದು ಸರಾಸರಿ 38 ದಿನಗಳಿಗೊಮ್ಮೆ, 20 ಕಿಲೋಮೀಟರ್ ಒಳಗೆ ಹತ್ತು ದಿನಗಳಿಗೊಮ್ಮೆ. ಶನಿವಾರ, ಭಾನುವಾರಗಳನ್ನು ಮಾತ್ರ ಎಣಿಸಿದರೆ ವರ್ಷಕ್ಕೆ ಹನ್ನೊಂದು ಸಲ ಸಿಕ್ಕರೆ ಹೆಚ್ಚು. ನಾವು ಒಂಬತ್ತು ಸಲ ಹೊರಟೆವು, ಆರು ಸಲ ಮುಟ್ಟಿದೆವು.

ಮುಟ್ಟಿದ ಆರರಲ್ಲಿ ಒಂದೂ ಹೆಸರಿರುವ ಜಾಗವಲ್ಲ. ಮೊದಲನೆಯದು ಬೇಲೂರು ರಸ್ತೆಯಾಚೆಗಿನ ಒಂದು ಹೊಸ ಬಡಾವಣೆಯ ಅಂಚಿನಲ್ಲಿ ಬಿದ್ದಿತ್ತು. ಚರಂಡಿ ಕಟ್ಟಿ, ಸೈಟಿನ ಕಲ್ಲು ನೆಟ್ಟು, ಆಮೇಲೆ ಯಾರೂ ಮನೆ ಕಟ್ಟದೆ ಪಾರ್ಥೇನಿಯಂ ಬೆಳೆದುನಿಂತ ಅಂಥ ಬಡಾವಣೆಗಳನ್ನು ಹಾಸನದವರಿಗೆ ವರ್ಣಿಸಬೇಕಾಗಿಲ್ಲ. ಡಾಂಬರು ಮುಗಿದಲ್ಲಿ ಶುಂಠಿ ಹೊಲ ಆರಂಭವಾಗುತ್ತಿತ್ತು, ಬಿಂದು ಪಾತಿಗಳ ನಡುವೆ ಸುಮಾರು ಇಪ್ಪತ್ತು ಮೀಟರ್ ಒಳಗಿತ್ತು. ನಾನು, ನನ್ನ ಹೆಂಡತಿ, ಮಗಳು, ಬ್ಯಾಂಕಿನ ಇಬ್ಬರು ಸಹೋದ್ಯೋಗಿಗಳು ಮತ್ತು ಅವರ ಮಕ್ಕಳು, ಒಟ್ಟು ಎಂಟು ಜನ ಫೋನು ಹಿಡಿದು ಬದುವಿನ ಮೇಲೆ ಹಿಂದೆ ಮುಂದೆ ಸುಳಿಯುವುದನ್ನು ಕಂಡು ಹೊಲದ ಯಜಮಾನರು ಬಂದರು. “ಏನ್ ಸಾ, ರಿಂಗ್ ರೋಡ್ ಅಳ್ಯಕ್ ಬಂದಿದ್ದೀರಾ? ಶುಂಠಿ ಕಿತ್ತ ಮೇಲೆ ಅಳೀರಿ” ಎಂದರು. ಊರಂಚಿನ ಜಮೀನಿನಲ್ಲಿ ಫೋನು ಹಿಡಿದು ನಿಂತವರು ಸರ್ವೆಯವರೋ ಸೈಟು ಮಾಡುವವರೋ ಆಗಿರಬೇಕೆಂಬ ಅವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಅಮೆರಿಕದ ಷೇರುಪೇಟೆ ನಮ್ಮನ್ನು ನಿಮ್ಮ ಹೊಲಕ್ಕೆ ಕಳುಹಿಸಿತು ಎಂಬ ಸತ್ಯವನ್ನು ಹೇಳಿದರೆ ಅನುಮಾನ ಹೆಚ್ಚಾಗುತ್ತದೆಯೇ ಹೊರತು ಇಳಿಯುವುದಿಲ್ಲ. ಮಕ್ಕಳ ಆಟ, ಗುರುತು ಹುಡುಕುವ ಸ್ಪರ್ಧೆ ಎಂದು ನನ್ನ ಹೆಂಡತಿ ಹೇಳಿದ ಮೇಲೆ ಅವರೇ ಪಾತಿ ತುಳಿಯದಂತೆ ದಾರಿ ತೋರಿಸಿ, ಮಗಳನ್ನು ಬಿಂದುವಿನ ಮೇಲೆ ನಿಲ್ಲಿಸಿದರು. “ಇಲ್ಲೇನಿದೆ?” ಎಂದು ಅವಳು ಕೇಳಿದಳು. ಏನೂ ಇರಲಿಲ್ಲ. ಜಿಯೋಕ್ಯಾಶಿಂಗ್‌ನಲ್ಲಾದರೆ ಯಾರೋ ಬಚ್ಚಿಟ್ಟ ಡಬ್ಬಿಯೊಂದು ಸಿಗುತ್ತದೆ, ಇದರಲ್ಲಿ ಅದೂ ಇಲ್ಲ. ನಿರಾಸೆಯಾಯಿತೇನೋ ಎಂದುಕೊಂಡೆ, ಆದರೆ ಹಿಂದಿರುಗುವಾಗ ಮಕ್ಕಳು ಶುಂಠಿ ಎಷ್ಟು ತಿಂಗಳ ಬೆಳೆ, ಹೊಲದ ಪಕ್ಕದಲ್ಲೇ ಸೈಟಿನ ಕಲ್ಲು ಏಕಿದೆ ಎಂದು ಕೇಳುತ್ತಲೇ ಇದ್ದರು. ಹಳೇಬೀಡಿನಿಂದ ಬರುವಾಗ ಇಷ್ಟು ಪ್ರಶ್ನೆಗಳು ಬಂದದ್ದು ನನಗೆ ನೆನಪಿಲ್ಲ.

ತಪ್ಪಿಹೋದ ಮೂರರಲ್ಲಿ ಒಂದು ಕೆರೆಯ ನೀರಿನೊಳಗಿತ್ತು, ಏರಿಯ ಮೇಲೆ ಕುಳಿತು ಮೊಸರನ್ನ ತಿಂದು ಬಂದೆವು. ಇನ್ನೊಂದರಲ್ಲಿ ಫೋನಿನ ನಕ್ಷೆ ತೋರಿಸಿದ ದಾರಿ ಗಾಡಿಜಾಡಾಗಿ, ಜಾಡು ಮಳೆಗೆ ಕೆಸರಾಗಿ, ಕಾರನ್ನು ಹಿಂದಕ್ಕೆ ತಳ್ಳುವುದರಲ್ಲೇ ಹೊತ್ತು ಮುಳುಗಿತು. ನಕ್ಷೆಯಲ್ಲಿ 14 ಕಿಲೋಮೀಟರ್ ಎಂದು ಕಾಣುವುದು ಹಕ್ಕಿ ಹಾರುವ ದೂರ. ರಸ್ತೆಯಲ್ಲಿ ಅದಕ್ಕೆ ಒಂದೂವರೆ ಪಟ್ಟು ಹಿಡಿದುಕೊಂಡು ಹೊರಡುವುದು ಒಳ್ಳೆಯದು. ಬೇಲಿ ಹಾರಬಾರದು, ಅಪ್ಪಣೆಯಿಲ್ಲದೆ ಒಳಗೆ ಹೋಗಬಾರದು ಎಂಬುದು ಈ ಆಟದವರೇ ಒಪ್ಪಿಕೊಂಡ ಕಟ್ಟಳೆ. ಸಾಲಗಾಮೆ ರಸ್ತೆಯಲ್ಲಿ 1982ರಿಂದ ಉಪಗ್ರಹಗಳನ್ನು ನೋಡಿಕೊಳ್ಳುತ್ತಿರುವ ಇಸ್ರೋದ ನಿಯಂತ್ರಣ ಕೇಂದ್ರದ ಆವರಣದಲ್ಲೇನಾದರೂ ಬಿಂದು ಬಿದ್ದರೆ ಅಂದು ಮನೆಯಲ್ಲೇ ಇರುವುದು ಲೇಸು; ಉಪಗ್ರಹ ನೋಡಿ ದಾರಿ ಹುಡುಕುವ ನಮಗೆ ಆ ದಿನ ಬಂದರೆ ನಗು ಬರುವುದಂತೂ ಖಚಿತ.

ಚಿಕ್ಕಮಗಳೂರಿನಲ್ಲಿರುವ ಅಕ್ಕನ ಮನೆಯಿಂದ ಹೊರಟ ಒಂದು ಪ್ರಯತ್ನವೇ ಮೂರನೆಯ ಸೋಲು, ಮತ್ತು ಅದು ನಮ್ಮ ಅದೃಷ್ಟದ ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ. ಆ ಊರು ತನ್ನ ಚೌಕದ ಅಂಚಿನಿಂದ ಸಾಕಷ್ಟು ಒಳಗಿದೆ, ಆದ್ದರಿಂದ ಹಾಸನದವರಿಗಿರುವ ನಾಲ್ಕರ ಆಯ್ಕೆ ಅಲ್ಲಿಯವರಿಗೆ ಅಷ್ಟಾಗಿ ದಕ್ಕುವುದಿಲ್ಲ. ಪಶ್ಚಿಮಕ್ಕೆ ತಿರುಗಿದರೆ ಮುಳ್ಳಯ್ಯನಗಿರಿಯ ಸಾಲು, ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಕುದುರೆಮುಖದ ಕಾಡು. ಉಳಿದದ್ದರಲ್ಲಿ ಬಹುಪಾಲು ಗೇಟು ಹಾಕಿದ ಕಾಫಿ ಎಸ್ಟೇಟು. ಒಳಗೆ ಬಿಟ್ಟರೂ ಸಿಲ್ವರ್ ಓಕ್ ಮರಗಳ ಕೆಳಗೆ ಜಿಪಿಎಸ್ ಗುರುತು ಇದ್ದಲ್ಲಿ ಇರದೆ ಹರಿದಾಡುತ್ತದೆ. ಆ ಊರಿನವರು ಕಡೂರಿನ ಕಡೆಯ ಬಯಲಿನಲ್ಲಿ ಬಿಂದು ಬೀಳುವವರೆಗೆ ಕಾಯುವುದು ಒಳ್ಳೆಯದು. ನಮ್ಮಲ್ಲಿಯೂ ಆಲೂರು, ಸಕಲೇಶಪುರ, ಬೇಲೂರಿನ ತೋಟಗಳ ಕಡೆಯ ಬಿಂದುಗಳನ್ನು ನಾನು ಕೈಬಿಡುತ್ತೇನೆ, ಅಲ್ಲಿ ಆನೆಗಳ ಓಡಾಟವಿದೆ. ಮಕ್ಕಳನ್ನು ಕಟ್ಟಿಕೊಂಡು ತೋಟದ ಓಣಿಯಲ್ಲಿ ಸಂಜೆ ತಿರುಗುವುದು ಯಾವ ಆಟಕ್ಕೂ ಬೇಡದ ಸಾಹಸ.

ಕೊರತೆಗಳೂ ಇವೆ. ಕನ್ನಡದಲ್ಲಿ ಇದರ ವಿವರಣೆ ನನಗೆಲ್ಲಿಯೂ ಸಿಗಲಿಲ್ಲ, ಹೊಸಬರಿಗೆ ಮೊದಲ ವಾರ ತಲೆಬಿಸಿಯೇ. ಶನಿವಾರ ಸಂಜೆ 4 ಗಂಟೆಗೆ ಬಿಂದುವಿನಲ್ಲಿ ಅಪರಿಚಿತರು ಕೂಡಬೇಕೆಂಬುದು ಮೂಲದ ಆಶಯ. ನಮಗೆ ಈವರೆಗೆ ಕೂಡಿದವರು ಎರಡು ಎಮ್ಮೆ ಮತ್ತು ಅವುಗಳ ಹುಡುಗ. ಮಂಡಿ ನೋವಿರುವ ಹಿರಿಯರಿಗೆ ಕೊನೆಯ ಅರ್ಧ ಕಿಲೋಮೀಟರ್ ಕಷ್ಟ, ನಮ್ಮ ತಾಯಿ ಬುತ್ತಿಯೊಡನೆ ಕಾರಿನಲ್ಲೇ ಉಳಿಯುತ್ತಾರೆ. ಖರ್ಚೆಂದರೆ ಪೆಟ್ರೋಲು ಮಾತ್ರ. ರಾಗಿ ಕೊಯ್ಲಾಗಿ ಹೊಲಗಳು ಖಾಲಿಯಿರುವ ಜನವರಿಯಿಂದ ಮಾರ್ಚ್‌ವರೆಗೆ ಬದು ಹಿಡಿದು ಎಲ್ಲಿಗೆ ಬೇಕಾದರೂ ನಡೆಯಬಹುದು. ಮೊದಲ ಸಲ ಹೊರಡುವವರು ಆ ದಿನಗಳಲ್ಲಿ, ಇನ್ನೊಂದು ಕುಟುಂಬವನ್ನು ಜೊತೆಗೆ ಕರೆದುಕೊಂಡು, ಕಾರನ್ನು ಡಾಂಬರಿನ ಮೇಲೆಯೇ ನಿಲ್ಲಿಸಿ ಹೊರಡಲಿ.