ಎಲ್ಕೋಮೀಟರ್ 236 ಹಾಲಿಡೇ ಡಿಟೆಕ್ಟರ್: ಮೆಷಿನ್ ಚೆನ್ನಾಗಿದೆ, ಆದರೆ ಕಿಲೋವೋಲ್ಟ್ ಮೀಟರ್ ಜೊತೆಗಿರಲಿ

ತೋರಣಗಲ್ಲು, ಕುಡತಿನಿ, ಆ ಕಡೆ ಗಿಣಿಗೇರಾ ತನಕ ಪೈಪ್ ಕೋಟಿಂಗ್, ಟ್ಯಾಂಕ್ ಲೈನಿಂಗ್ ಕೆಲಸ ಹಿಡಿದವರು ಕೋಟಿಂಗ್‌ನಲ್ಲಿ ಕಣ್ಣಿಗೆ ಕಾಣದ ತೂತು (ಹಾಲಿಡೇ) ಹುಡುಕುವ ಈ ಮೆಷಿನ್ ತಗೋಬಹುದಾ ಅಂತ ಕೇಳುತ್ತಲೇ ಇರುತ್ತಾರೆ. ತಗೊಳ್ಳಿ. ನಮ್ಮ ಸೈಟ್‌ನಲ್ಲಿ ದಿನಾ ಬಳಸುವುದು ಇದನ್ನೇ. ವೋಲ್ಟೇಜ್ ಡಿಸ್‌ಪ್ಲೇಯಲ್ಲಿ ನೇರವಾಗಿ ಕಾಣುತ್ತದೆ, ಬ್ರಷ್ ಕೋಟಿಂಗ್ ಮೇಲೆ ಓಡುವಾಗ ಪಿನ್‌ಹೋಲ್ (ಸ್ಟೀಲ್ ತನಕ ಹೋದ ಸಣ್ಣ ತೂತು) ಸಿಕ್ಕರೆ ಅದರ ಮೂಲಕ ಕಿಡಿ ಹಾರಿ ಅಲಾರಂ ಕೂಗುತ್ತದೆ.

ಆದರೆ ಬರೀ ಡಿಸ್‌ಪ್ಲೇ ನೋಡಿ ಕೆಲಸ ಶುರು ಮಾಡಬೇಡಿ, ಅದು ಯಾವ ಕಂಪನಿ ಮೆಷಿನ್ ಆದರೂ ಅಷ್ಟೇ. ಹಿಂದೆ ಒಂದು ಕಡೆಯಿಂದ ಬಾಡಿಗೆಗೆ ತಂದ ಬೇರೆ ಮೆಷಿನ್‌ನಲ್ಲಿ ಡಿಸ್‌ಪ್ಲೇ 2 ಕಿಲೋವೋಲ್ಟ್ ತೋರಿಸುತ್ತಿತ್ತು, ಬ್ರಷ್‌ಗೆ ಬೇರೆ ಕಿಲೋವೋಲ್ಟ್ ಮೀಟರ್ ಹಿಡಿದರೆ ಒಂದೂವರೆಯೂ ಬರಲಿಲ್ಲ. ಅಳತೆ ಸರಿಯಿದೆ ಅನ್ನುವ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಮಾತ್ರ ಹೊಸದು. ಅಂಥ ಮೆಷಿನ್ ಇಡೀ ಪೈಪ್ ಮೇಲೆ ಓಡಾಡಿ ಸುಮ್ಮನಿರುತ್ತದೆ, ನಾವು ಕೋಟಿಂಗ್ ಪಾಸ್ ಅಂತ ಬರೆದುಕೊಡುತ್ತೇವೆ, ಪೈಪ್ ಮಣ್ಣಿನೊಳಗೆ ಹೋಗುತ್ತದೆ, ಆಮೇಲೆ ತುಕ್ಕು ಹಿಡಿದಾಗ ಯಾರನ್ನು ಕೇಳೋದು? ಲ್ಯಾಬ್‌ನಲ್ಲಿ ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ ಆಗಲೇಬೇಕು, ಸರಿ. ಆದರೆ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಬ್ರಷ್ ಹತ್ತಿರ ವೋಲ್ಟೇಜ್ ಅಳೆಯುವುದು ಬೇರೆ, ಅದನ್ನು ನಾವೇ ಮಾಡಬೇಕು. ಜೊತೆಗೆ ಅದೇ ಪೇಂಟ್ ಹೊಡೆದ ತುಂಡು ಪ್ಲೇಟಿಗೆ ಸೂಜಿಯಲ್ಲಿ ಸ್ಟೀಲ್ ತಾಗುವವರೆಗೆ ತೂತು ಮಾಡಿಟ್ಟುಕೊಳ್ಳಿ. ಅದರ ಮೇಲೆ ಅಲಾರಂ ಬಂದರೆ ಮಾತ್ರ ಪೈಪಿಗೆ ಬ್ರಷ್ ಇಡಿ.

ಎಷ್ಟು ವೋಲ್ಟ್ ಇಡಬೇಕು ಅನ್ನುವುದರಲ್ಲೇ ಜಾಸ್ತಿ ಜಗಳ. ಮೊದಲು ದಪ್ಪ ಅಳೆಯಿರಿ. ಪೈಪಿನ ಎಪಾಕ್ಸಿಗೆ ದಪ್ಪವನ್ನು ಮಿಲ್‌ನಲ್ಲಿ (ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ, ಸುಮಾರು 25 ಮೈಕ್ರಾನ್) ಹಿಡಿದು ಅದರ ವರ್ಗಮೂಲವನ್ನು 525ರಿಂದ ಗುಣಿಸುವುದು ಚಾಲ್ತಿಯಲ್ಲಿದೆ, 400 ಮೈಕ್ರಾನ್‌ಗೆ ಹೆಚ್ಚುಕಡಿಮೆ 2,100 ವೋಲ್ಟ್ ಬರುತ್ತದೆ. ದಪ್ಪ ಲೈನಿಂಗ್‌ಗೆ 525ರ ಬದಲು 1,250ರಿಂದ ಗುಣಿಸುವ ಲೆಕ್ಕ, ಹಾಗಾಗಿ 3 ಮಿಲಿಮೀಟರ್ ರಬ್ಬರ್‌ಗೆ 13,600 ವೋಲ್ಟ್ ಹತ್ತಿರ. ಸ್ಪೆಕ್‌ನಲ್ಲಿ ಬೇರೆ ಬರೆದಿದ್ದರೆ ಅದೇ ಫೈನಲ್. "ಇನ್ನೂ ಸ್ವಲ್ಪ ಏರಿಸಿ, ಚೆನ್ನಾಗಿ ಹಿಡಿಯುತ್ತೆ" ಅನ್ನುವ ಸೂಪರ್‌ವೈಸರ್ ಮಾತು ಕೇಳಬೇಡಿ, ಜಾಸ್ತಿ ಆದರೆ ಚೆನ್ನಾಗಿರುವ ಕೋಟಿಂಗೇ ತೂತಾಗುತ್ತದೆ. ಪೈಪಿನ ಎಪಾಕ್ಸಿ ಬಿಟ್ಟು, 500 ಮೈಕ್ರಾನ್ ಒಳಗಿನ ಬೇರೆ ತೆಳು ಪೇಂಟಿಗೆ ಒದ್ದೆ ಸ್ಪಂಜಿನ ಕಡಿಮೆ ವೋಲ್ಟೇಜ್ ಮೆಷಿನ್ ಸಾಕಾಗುತ್ತದೆ, ಬೆಲೆಯೂ ಕಡಿಮೆ.

ಮೆಷಿನ್ನಿನ ಅರ್ಥಿಂಗ್ ಕ್ಲಿಪ್ ಅನ್ನು ಪೈಪ್ ತುದಿಯ ಪೇಂಟ್ ಆದ ಫ್ಲೇಂಜ್ ಮೇಲೆ ಹಾಕುವವರನ್ನು ಎಷ್ಟೋ ಕಡೆ ನೋಡಿದ್ದೇನೆ. ಸರ್ಕ್ಯೂಟೇ ಆಗುವುದಿಲ್ಲ, ಅಲಾರಂ ಎಲ್ಲಿಂದ ಬರಬೇಕು? ಹೊಳೆಯುವ ಸ್ಟೀಲ್ ಕಾಣುವವರೆಗೆ ಕೆರೆದು ಕಚ್ಚಿಸಿ. ಬ್ರಷ್ ಸೆಕೆಂಡಿಗೆ ಒಂದು ಅಡಿಗಿಂತ ಜೋರಾಗಿ ಓಡಬಾರದು. ಮೇಲ್ಮೈ ಒಣಗಿರಬೇಕು, ಧೂಳು ಒರೆಸಿರಬೇಕು. ನಮ್ಮ ಕಡೆ ಅದಿರಿನ ಕೆಂಪು ಧೂಳು ರಾತ್ರಿ ಕಳೆಯುವುದರಲ್ಲಿ ಕೂತಿರುತ್ತದೆ, ಅದರ ಮೇಲೆ ಇಬ್ಬನಿ ಬಿದ್ದರೆ ತೂತಿಲ್ಲದ ಕಡೆಯೂ ಕೂಗುತ್ತದೆ, ಬಿಸಿಲು ಏರಲಿ. ಕಪ್ಪು ರಬ್ಬರ್‌ನಲ್ಲಿ ಕಾರ್ಬನ್ ಜಾಸ್ತಿ ಇದ್ದರೆ ಅದರೊಳಗೇ ಕರೆಂಟ್ ಹರಿಯುತ್ತದೆ, ಮೊದಲು ತುಂಡಿನ ಮೇಲೆ ನೋಡಿ.

ಟ್ಯಾಂಕ್ ಒಳಗೆ ಥಿನ್ನರ್ ಅಥವಾ ರಬ್ಬರ್ ಅಂಟಿಸುವ ಸಲ್ಯೂಷನ್ ವಾಸನೆ ಇರುವಾಗ ಮೆಷಿನ್ ಆನ್ ಮಾಡಲೇಬೇಡಿ. ಒಂದು ಕಿಡಿ ಸಾಕು, ಒಳಗಿರುವ ಹುಡುಗರ ಜೀವದ ಪ್ರಶ್ನೆ. ಬ್ಲೋವರ್ ಹಾಕಿ, ಗ್ಯಾಸ್ ಟೆಸ್ಟ್ ಮಾಡಿಸಿ, ಆಮೇಲೆ ಇಳಿಯಿರಿ. ಪೇಸ್‌ಮೇಕರ್ ಇರುವವರು ಇದನ್ನು ಮುಟ್ಟಬಾರದು.

236 ಎರಡು ಮಾಡೆಲ್‌ನಲ್ಲಿ ಸಿಗುತ್ತದೆ, 15 ಮತ್ತು 30 ಕಿಲೋವೋಲ್ಟ್. ಪೈಪಿನ ಎಪಾಕ್ಸಿ, 3 ಮಿಲಿಮೀಟರ್ ರಬ್ಬರ್ ಅಷ್ಟೇ ಅಂದರೆ 15 ಸಾಕು. ಆಸಿಡ್ ಟ್ಯಾಂಕಿನ 5 ಮಿಲಿಮೀಟರ್ ಲೈನಿಂಗ್ ಬಂದರೆ 17 ಕಿಲೋವೋಲ್ಟ್ ದಾಟುತ್ತದೆ, ಆಗ 30ರದ್ದೇ ಬೇಕು.