ರಾಬಿನ್ ಹುಡ್ ಪುಸ್ತಕ ಬೇಕಾದ್ರೆ ಕಾಸರಗೋಡಿನ ಈ ಹಳೇ ಪುಸ್ತಕದ ಅಂಗಡಿಗೆ ಹೋಗಿ

ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿಂದ ನಡ್ಕೊಂಡು ಹೋಗುವಷ್ಟೇ ದೂರ, ಮಹಡಿ ಮೇಲೆ, ಬೋರ್ಡು ಮಲಯಾಳದಲ್ಲಿ ಮಾತ್ರ ಉಂಟು ಹಾಗಾಗಿ ಕೆಳಗೆ ಕೇಳಿಯೇ ಹತ್ಬೇಕು. ಮಗಳಿಗೆ ಶಾಲೆಯಲ್ಲಿ ರಾಬಿನ್ ಹುಡ್ ಕಥೆ ಹೇಳ್ಲಿಕ್ಕಿತ್ತು (ಶ್ರೀಮಂತರನ್ನ ದೋಚಿ ಬಡವರಿಗೆ ಹಂಚ್ತಾನೆ ಅಂತಾರಲ್ಲ, ಆ ಇಂಗ್ಲೆಂಡಿನ ಕಾಡುಗಳ್ಳ), ನಾನು ಕೇಳಿದ್ದು ಒಂದು ಪುಸ್ತಕ, ಅಂಗಡಿಯವ್ರು ಮೂರು ತೆಗ್ದಿಟ್ಟು "ಹಳೇದ್ರಿಂದ ಸುರು ಮಾಡಿ, ಮಕ್ಕಳದ್ದು ಕಡೆಗೆ" ಅಂದ್ರು. ಆ ಒಂದು ಮಾತಿಗೇ ಐದು ಸ್ಟಾರ್.

ಮೊದಲನೇದು ಹಳೇ ಲಾವಣಿಗಳ ಸಂಗ್ರಹ. ಅದ್ರಲ್ಲಿ 1500ರ ಆಸುಪಾಸಿಗೆ ಅಚ್ಚಾದ "ಜೆಸ್ಟ್" ಅನ್ನೋ ಉದ್ದ ಲಾವಣಿ ಉಂಟು, ಅಲ್ಲಿ ಅವ ಪ್ರಭುವೂ ಅಲ್ಲ ಜೀತದವನೂ ಅಲ್ಲ, ಯೋಮನ್, ನಮ್ಮ ನಿಮ್ಮ ಹಾಗಿನವ. ಈಗಿನ ಕಥೆಗಳಲ್ಲಿ ಅವನ ಪ್ರೇಯಸಿಯಾಗಿ ಬರುವ ಮೇರಿಯನ್ ಇಲ್ವೇ ಇಲ್ಲ, ರಾಜ ರಿಚರ್ಡ್ ಅಲ್ಲ ಎಡ್ವರ್ಡ್, ಇರೋದು ಹೆಚ್ಚಾಗಿ ಬಾರ್ನ್ಸ್‌ಡೇಲ್ ಕಾಡಲ್ಲಿ. ಮಠಕ್ಕೆ ಜಮೀನು ಅಡವಿಟ್ಟು ಕಂಗಾಲಾದ ಒಬ್ಬ ನೈಟ್‌ಗೆ (ಕುದುರೆ ಸವಾರ ವೀರನಿಗೆ) 400 ಪೌಂಡ್ ಸಾಲ ಕೊಡ್ತಾನೆ, ಕಡೆಗೆ ಚಿಕಿತ್ಸೆಗೆ ಅಂತ ರಕ್ತ ತೆಗೆಸ್ಲಿಕ್ಕೆ ಹೋದಲ್ಲಿ ಕರ್ಕ್ಲೀಸ್ ಮಠದ ಯಜಮಾನಿಯ ಮೋಸದಿಂದ ಸಾಯ್ತಾನೆ. ಬಡವರಿಗೆ ಒಳ್ಳೇದು ಮಾಡಿದ ಅಂತ ಕೊನೆಗೊಂದು ಮಾತು ಬರ್ತದೆ, ಅಷ್ಟೆ! ನಾನು ರಾತ್ರಿ ಎರಡು ಗಂಟೆವರೆಗೆ ಓದ್ತಾ ಕೂತೆ.

ಅವನನ್ನ ಅರ್ಲ್, ಅಂದ್ರೆ ದೊಡ್ಡ ಪ್ರಭು, ಮಾಡಿದ್ದು 1598ರಲ್ಲಿ ಆಂಟನಿ ಮಂಡೆಯ ನಾಟಕಗಳು. ಎರಡನೇ ಪುಸ್ತಕ ವಾಲ್ಟರ್ ಸ್ಕಾಟನ "ಐವನ್‌ಹೋ", 1819ರದ್ದು, ಅದ್ರಲ್ಲಿ ಲಾಕ್ಸ್‌ಲಿ ಅಂತ ಬಂದು ಇಂಗ್ಲೆಂಡನ್ನ ಗೆದ್ದು ಆಳ್ತಿದ್ದ ನಾರ್ಮನ್ನರ ವಿರುದ್ಧ, ಅಲ್ಲಿ ಮೊದಲೇ ಇದ್ದ ಸ್ಯಾಕ್ಸನ್ನರ ಜೊತೆ ನಿಲ್ತಾನೆ. ಮೂರನೇದು ಹವರ್ಡ್ ಪೈಲ್ 1883ರಲ್ಲಿ ಮಕ್ಕಳಿಗೆ ಬರ್ದದ್ದು, ಚಿತ್ರಗಳೂ ಅವರದ್ದೇ.

ನಮ್ಮ ತುಳುನಾಡಿನ ವೀರರು ಕೋಟಿ ಚೆನ್ನಯರೂ ಹೀಗೆಯೇ ಅಲ್ವಾ, ಅಜ್ಜಿ ಭತ್ತದ ನೇಜಿ ನೆಡುವಾಗ ಹೇಳ್ತಿದ್ದ ಪಾಡ್ದನದ (ತುಳು ಹಾಡುಕಥೆಯ) ಅಣ್ಣತಮ್ಮಂದಿರೇ ಬೇರೆ, ಯಕ್ಷಗಾನದಲ್ಲಿ ಕಿರೀಟ ಕಟ್ಟಿ ಬರುವವ್ರೇ ಬೇರೆ, ನನಗೆ ಇಬ್ಬರೂ ಬೇಕು.

ಬೇಜಾರಾದದ್ದು ಎಂತ ಅಂದ್ರೆ ರಾಬಿನ್ ಹುಡ್ ಕನ್ನಡದಲ್ಲಿ ಒಂದೂ ಇರ್ಲಿಲ್ಲ, ಕನ್ನಡ ಮಕ್ಕಳೇ ಇಷ್ಟಿರುವ ಊರಲ್ಲಿ ಇದು ಆಗ್ಬಾರ್ದು, ತರಿಸಿ ಅಂತ ಹೇಳಿ ಬಂದಿದ್ದೇನೆ. ಮಳೆಗಾಲದ ತೇವಕ್ಕೆ ಸ್ಕಾಟನ ಪುಟಗಳು ಅಂಟಿಕೊಂಡಿವೆ, ತಗೊಳ್ಳುವ ಮೊದ್ಲು ಬಿಡಿಸಿ ನೋಡಿ. ಮೂರಕ್ಕೂ ಸೇರಿ 420 ರೂಪಾಯಿ.

ಮಗಳು ಶಾಲೆಯಲ್ಲಿ ಆ 400 ಪೌಂಡ್ ಸಾಲದ ಕಥೆಯನ್ನೇ ಹೇಳಿದ್ಳು. ಟೀಚರ್ ಈಗ ಆ ಲಾವಣಿ ಪುಸ್ತಕ ಕೇಳಿ ಕಳಿಸಿದ್ದಾರೆ.